ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಪುಟ್ಟ ಮಕ್ಕಳೊಡನೆ ಕಾಗದದ ಚೀಲ ತಯಾರಿಕೆ: ಪೋಷಕರಿಗೆ ಮಾಹಿತಿ

ಪೀಠಿಕೆ

ಮಕರ ಸಂಕ್ರಾಂತಿಯಂದು ಮನೆಮನೆಗೆ ತೆರಳಿ ಎಳ್ಳು ಬೀರುವುದು ನಾಡಿನಲ್ಲಿ, ವಿಶೇಷವಾಗಿ ಹಳೆಯ ಮೈಸೂರು ಸೀಮೆಯಲ್ಲಿ, ತಲೆಮಾರುಗಳಿಂದ ನಡೆದುಬಂದಿರುವ ಪದ್ಧತಿಯಾಗಿದೆ. ಹುರಿದ ಬಿಳಿ ಎಳ್ಳು, ಅಚ್ಚುಕಟ್ಟಾಗಿ ಹೆಚ್ಚಿದ ಬೆಲ್ಲ, ಒಣಕೊಬ್ಬರಿ, ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಮತ್ತು ಹುರಿಗಡಲೆ ಬೆರೆಸಿದ ಈ ಮಿಶ್ರಣವನ್ನು ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣುಗಳೊಡನೆ ನೀಡಲಾಗುತ್ತದೆ. ಹಿಂದೆ ತಟ್ಟೆಯಲ್ಲಿ ಡಬ್ಬಿಯಿಟ್ಟು, ಮೇಲೊಂದು ಕಸೂತಿ ವಸ್ತ್ರ ಮುಚ್ಚಿ, ಮನೆಯ ಹೆಣ್ಣುಮಕ್ಕಳು ಸಂಜೆಯ ವೇಳೆ ಹೊರಡುತ್ತಿದ್ದರು. ಎದುರು ಮನೆಯವರು ತಮ್ಮ ಪಾತ್ರೆಗೆ ಸುರಿದುಕೊಂಡು, ತಮ್ಮ ಮನೆಯ ಎಳ್ಳನ್ನು ಅದೇ ಡಬ್ಬಿಗೆ ತುಂಬಿ ಕಳುಹಿಸುತ್ತಿದ್ದುದರಿಂದ ಹಬ್ಬದ ಮರುದಿನ ಬೀದಿಯಲ್ಲಿ ಕಸವೆಂಬುದೇ ಉಳಿಯುತ್ತಿರಲಿಲ್ಲ.

ಈಗ ಆ ಡಬ್ಬಿಯ ಸ್ಥಾನವನ್ನು ಅಂಗೈಯಗಲದ ಪ್ಲಾಸ್ಟಿಕ್ ಪೊಟ್ಟಣ ಆಕ್ರಮಿಸಿದೆ. ಒಂದು ಮನೆಯಿಂದ ಇಪ್ಪತ್ತು, ಮೂವತ್ತು ಪೊಟ್ಟಣಗಳು ಹೊರಡುತ್ತವೆ, ಅಷ್ಟೇ ಒಳಬರುತ್ತವೆ. ಎಣ್ಣೆಯ ಅಂಶ ಹತ್ತಿದ ಈ ತೆಳು ಪೊಟ್ಟಣಗಳನ್ನು ತೊಳೆದು ಮರುಬಳಕೆ ಮಾಡುವವರು ವಿರಳ. ಯಲಹಂಕ ಭಾಗದ ಅಲ್ಲಾಳಸಂದ್ರದಲ್ಲಿ ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಊರ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ ಎಂಬುದು ‘ಸಮುದ್ರ’ ಪದದ ರೂಪ. ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರು. ಕೆರೆಯ ಹೆಸರು ಹೊತ್ತ ಊರಿನಲ್ಲಿ ಗಾಳಿಗೆ ಹಾರಿದ ಹಗುರ ಪ್ಲಾಸ್ಟಿಕ್ ಮೊದಲು ಚರಂಡಿಗೆ, ಮಳೆ ಬಂದಾಗ ಕೆರೆಗೆ ಸೇರುತ್ತದೆ.

ಈ ಹಿನ್ನೆಲೆಯಲ್ಲಿ, 3ರಿಂದ 6 ವರ್ಷದ ಮಕ್ಕಳು ಪೋಷಕರ ನೆರವಿನಿಂದ ಮನೆಯಲ್ಲಿಯೇ ಮಾಡಬಹುದಾದ ಸರಳ ಎಳ್ಳು-ಬೆಲ್ಲದ ಚೀಲದ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಇದರೊಡನೆ ಅಂಗನವಾಡಿ ಕೇಂದ್ರಗಳಲ್ಲಿ ಇಂತಹ ಚಟುವಟಿಕೆಗಳನ್ನು ಏಕೆ ನಡೆಸಲಾಗುತ್ತದೆ ಮತ್ತು ಕೇಂದ್ರಕ್ಕೆ ಮಗುವನ್ನು ಸೇರಿಸುವುದು ಹೇಗೆ ಎಂಬ ಮಾಹಿತಿಯನ್ನೂ ನೀಡಲಾಗಿದೆ.

ನಿಯಮಗಳಲ್ಲಿ ಏನಿದೆ

ಕರ್ನಾಟಕ ಸರ್ಕಾರವು ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ 2016ರ ಮಾರ್ಚ್ 11ರಂದು ಹೊರಡಿಸಿದ ಅಧಿಸೂಚನೆಯಂತೆ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬಂಟಿಂಗ್ ಮುಂತಾದವುಗಳ ಬಳಕೆಯನ್ನು ನಿಷೇಧಿಸಲಾಗಿದೆ. ಕೇಂದ್ರ ಸರ್ಕಾರದ 2021ರ ತಿದ್ದುಪಡಿ ನಿಯಮಗಳ ಪ್ರಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳ ತಯಾರಿಕೆ, ಮಾರಾಟ ಮತ್ತು ಬಳಕೆ ದೇಶದಾದ್ಯಂತ ನಿಷಿದ್ಧವಾಗಿದೆ. ಈ ಪಟ್ಟಿಯಲ್ಲಿ ಅಲಂಕಾರಕ್ಕೆ ಬಳಸುವ ಥರ್ಮೊಕೋಲ್ ಕೂಡ ಸೇರಿದೆ ಎಂಬುದು ಅನೇಕ ಪೋಷಕರ ಗಮನಕ್ಕೆ ಬಂದಿರುವುದಿಲ್ಲ. ಮಕ್ಕಳ ಕರಕುಶಲ ವಸ್ತುವೆಂದರೆ ಥರ್ಮೊಕೋಲ್ ಹಾಳೆ ಮತ್ತು ಮಿನುಗುವ ಪುಡಿ ತರಬೇಕೆಂಬ ರೂಢಿ ಇನ್ನೂ ಹೋಗಿಲ್ಲ. ಮಿನುಗುಪುಡಿಯೂ ಬಹುತೇಕ ಪ್ಲಾಸ್ಟಿಕ್ಕಿನ ಚೂರೇ ಆಗಿದ್ದು, ಮಗುವಿನ ಬೆರಳಿನಿಂದ ಬಾಯಿಗೂ, ನೆಲ ಒರೆಸಿದ ನೀರಿನೊಡನೆ ಚರಂಡಿಗೂ ಹೋಗುತ್ತದೆ. ತಿನ್ನುವ ಪದಾರ್ಥವಿಡುವ ಚೀಲಕ್ಕೆ ಇವೆರಡೂ ಬೇಡ.

ವೃತ್ತಪತ್ರಿಕೆಯ ಚೀಲದ ಬಗ್ಗೆ ಎಚ್ಚರಿಕೆ

ಪ್ಲಾಸ್ಟಿಕ್ ಬೇಡವೆಂದ ಕೂಡಲೇ ಹೆಚ್ಚಿನವರಿಗೆ ಹೊಳೆಯುವುದು ಹಳೆಯ ವೃತ್ತಪತ್ರಿಕೆ. ಶಾಲೆಗಳ ಕರಕುಶಲ ತರಗತಿಗಳಲ್ಲಿಯೂ ಮೊದಲು ಕಲಿಸುವುದು ಅದರ ಚೀಲವನ್ನೇ. ತರಕಾರಿಗೆ, ಪುಸ್ತಕಕ್ಕೆ, ಆಟದ ಸಾಮಾನಿಗೆ ಅದು ಸೂಕ್ತವಾದರೂ ಎಳ್ಳು-ಬೆಲ್ಲಕ್ಕೆ ಸಲ್ಲದು. ಮುದ್ರಣದ ಶಾಯಿಯಲ್ಲಿ ಸೀಸದಂತಹ ಲೋಹಗಳೂ ಇತರ ರಾಸಾಯನಿಕಗಳೂ ಇರಬಹುದಾಗಿದ್ದು, ಎಣ್ಣೆಯ ಅಂಶವಿರುವ ಆಹಾರ ತಗುಲಿದಾಗ ಅವು ಆಹಾರಕ್ಕೆ ಇಳಿಯುತ್ತವೆ. ಎಳ್ಳು, ಕೊಬ್ಬರಿ, ಕಡಲೆಕಾಯಿ ಬೀಜ ಮೂರೂ ಎಣ್ಣೆಕಾಳುಗಳ ವರ್ಗಕ್ಕೆ ಸೇರಿದವು. ಬೆಲ್ಲವು ತೇವವನ್ನು ಎಳೆದುಕೊಳ್ಳುವ ಗುಣವುಳ್ಳದ್ದು. ಪತ್ರಿಕೆಯ ಪೊಟ್ಟಣದಲ್ಲಿ ಒಂದು ದಿನವಿಟ್ಟ ಬೆಲ್ಲದ ಮೇಲೆ ಅಕ್ಷರಗಳ ಗುರುತು ಮೂಡಿರುವುದನ್ನು ಹಲವರು ನೋಡಿರಬಹುದು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರವನ್ನು ಕಟ್ಟಲು ಹಾಗೂ ಇಡಲು ವೃತ್ತಪತ್ರಿಕೆ ಬಳಸುವುದನ್ನು ನಿಷೇಧಿಸಿವೆ. 2023ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರವು ಗ್ರಾಹಕರಿಗೂ ವ್ಯಾಪಾರಿಗಳಿಗೂ ಮತ್ತೊಮ್ಮೆ ಈ ಬಗ್ಗೆ ತಿಳಿವಳಿಕೆ ನೀಡಿದೆ. ನಿಯಮವು ಆಹಾರ ಮಾರುವವರಿಗೆ ಸಂಬಂಧಿಸಿದ್ದಾದರೂ ಅದರ ಹಿಂದಿರುವ ಕಾರಣ ಮನೆಗೂ ಅನ್ವಯಿಸುತ್ತದೆ. ಪುಟ್ಟ ಮಕ್ಕಳ ದೇಹವು ಸೀಸವನ್ನು ದೊಡ್ಡವರಿಗಿಂತ ಹೆಚ್ಚು ಪ್ರಮಾಣದಲ್ಲಿ ಹೀರಿಕೊಳ್ಳುವುದರಿಂದ ಈ ವಿಷಯದಲ್ಲಿ ರಿಯಾಯಿತಿ ತೋರುವಂತಿಲ್ಲ. ಬಣ್ಣದ ಪುಟಗಳುಳ್ಳ ನಿಯತಕಾಲಿಕೆ, ಜಾಹೀರಾತು ಕರಪತ್ರ, ಬರೆದು ಮುಗಿಸಿದ ನೋಟುಪುಸ್ತಕದ ಹಾಳೆ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಅವಶ್ಯಕ ಸಾಮಗ್ರಿಗಳು

ಹೊರಚೀಲಕ್ಕೆ ಪಠ್ಯಪುಸ್ತಕಗಳ ರಟ್ಟಿಗೆ ಹಾಕುವ ಕಂದು ಬಣ್ಣದ ಕಾಗದ ಅಥವಾ ಏನೂ ಮುದ್ರಿಸದ ಬಿಳಿ ಕಾಗದ ಬೇಕಾಗುತ್ತದೆ. ಇತ್ತೀಚೆಗೆ ಮಾರುಕಟ್ಟೆಯಲ್ಲಿ ದೊರೆಯುವ ಕೆಲವು ಕಂದು ಕಾಗದಗಳ ಒಂದು ಬದಿಗೆ ತೆಳುವಾದ ಪ್ಲಾಸ್ಟಿಕ್ ಲೇಪನವಿರುತ್ತದೆ. ಕಾಗದದ ಮೂಲೆಯನ್ನು ನಿಧಾನವಾಗಿ ಹರಿದಾಗ ಎಳೆಯಂತಹ ಪೊರೆ ಹಿಗ್ಗಿ ಬಂದರೆ ಅದು ಲೇಪನದ ಕಾಗದವೆಂದು ತಿಳಿಯತಕ್ಕದ್ದು. ಅದಕ್ಕೆ ಮನೆಯಲ್ಲಿ ಮಾಡಿದ ಅಂಟು ಹಿಡಿಯುವುದಿಲ್ಲ, ತರಕಾರಿಯ ಬಣ್ಣವೂ ನಿಲ್ಲುವುದಿಲ್ಲ.

ಒಳಗಿನ ಪೊಟ್ಟಣಕ್ಕೆ ಆಹಾರಕ್ಕೆಂದೇ ಮಾರುವ ಬೆಣ್ಣೆಕಾಗದ ಬೇಕು. ಕಂದು ಕಾಗದವು ಹಳೆಯ ಕಾಗದದಿಂದ ಮರುತಯಾರಿಸಿದ್ದಾಗಿರುವ ಸಂಭವವಿರುವುದರಿಂದ ಎಳ್ಳು-ಬೆಲ್ಲವನ್ನು ನೇರವಾಗಿ ಅದರೊಳಗೆ ಸುರಿಯದಿರುವುದು ಒಳಿತು. ಬೆಣ್ಣೆಕಾಗದ ದೊರೆಯದಿದ್ದಲ್ಲಿ ಒರೆಸಿ, ಕೆಂಡದ ಅಥವಾ ಒಲೆಯ ಶಾಖಕ್ಕೆ ಬಾಡಿಸಿದ ಬಾಳೆಎಲೆಯ ತುಂಡನ್ನು ಅಂದಿನ ಮಟ್ಟಿಗೆ ಬಳಸಬಹುದು.

ಹಿಡಿಕೆಗೆ 25 ಸೆಂ.ಮೀ. ಉದ್ದದ ಸೆಣಬಿನ ಅಥವಾ ನೂಲಿನ ದಾರ, ತುದಿ ಮೊಂಡಾದ ಮಕ್ಕಳ ಕತ್ತರಿ, ಅಳತೆಪಟ್ಟಿ ಮತ್ತು ಪೆನ್ಸಿಲ್ ಇದ್ದರೆ ಸಾಕು. ಸ್ಟೇಪ್ಲರ್ ಪಿನ್ನನ್ನು ಯಾವ ಕಾರಣಕ್ಕೂ ಬಳಸಬಾರದು. ಸಡಿಲವಾದ ಒಂದು ಪಿನ್ನು ಎಳ್ಳಿನ ನಡುವೆ ಸೇರಿದರೆ ಕಣ್ಣಿಗೆ ಕಾಣುವುದಿಲ್ಲ. ಮಣಿ, ಚಮಕಿ, ಗುಂಡಿಗಳನ್ನು ಅಂಟಿಸುವುದೂ ಇದೇ ಕಾರಣಕ್ಕೆ ಬೇಡ.

ಅಂಟು ಮತ್ತು ಬಣ್ಣ

ಎರಡು ಚಮಚ ಮೈದಾ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಬೇಯಿಸಿದರೆ ಮೂರು ನಾಲ್ಕು ನಿಮಿಷಗಳಲ್ಲಿ ಗಂಜಿಯಂತಹ ಅಂಟು ಸಿದ್ಧವಾಗುತ್ತದೆ. ಪೂರ್ಣ ತಣಿದ ನಂತರವೇ ಮಕ್ಕಳ ಕೈಗೆ ಕೊಡತಕ್ಕದ್ದು. ಗೋಡೆಪತ್ರ ಅಂಟಿಸುವವರು ಹುಳು ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುವ ರೂಢಿಯಿತ್ತು. ಅದು ವಿಷವಾದ್ದರಿಂದ ಮನೆಯ ಅಂಟಿಗೆ ಖಂಡಿತ ಬೆರೆಸಬಾರದು. ಮೈಲುತುತ್ತವಿಲ್ಲದ ಅಂಟು ಎರಡು ದಿನಕ್ಕೆ ಹುಳಿಯುತ್ತದೆ. ಆಗ ಎಸೆದು ಹೊಸದಾಗಿ ಮಾಡಿಕೊಂಡರಾಯಿತು. ಅಷ್ಟೂ ಬೇಡವೆನಿಸಿದರೆ ಹಿಂದಿನವರು ಗಾಳಿಪಟಕ್ಕೆ ಬಳಸುತ್ತಿದ್ದ ಅನ್ನದ ಅಗುಳೇ ಇದೆ. ಅಗುಳನ್ನು ಬೆರಳಿನಿಂದ ನುರಿದು ಕಾಗದದ ಮೇಲೆ ಸವರುವುದು ಮೂರು ವರ್ಷದ ಮಗುವಿಗೆ ಬಹಳ ಪ್ರಿಯವಾದ ಕೆಲಸ.

ಅರಿಶಿನದಿಂದ ಹಳದಿ, ತುರಿದು ಹಿಂಡಿದ ಬೀಟ್‌ರೂಟಿನಿಂದ ಕೆಂಪು, ಪಾಲಕ್ ಸೊಪ್ಪಿನ ರಸದಿಂದ ಹಸಿರು ದೊರೆಯುತ್ತವೆ. ರಸವನ್ನು ಹಾಗೆಯೇ ಬಳಸಿದರೆ ಕಾಗದದ ಮೇಲೆ ಹರಡಿಕೊಳ್ಳುವುದರಿಂದ ಒಂದು ಚಮಚ ಮೈದಾ ಅಂಟನ್ನು ಬೆರೆಸಿ ಗಟ್ಟಿ ಮಾಡಿಕೊಳ್ಳಬೇಕು. ಬೀಟ್‌ರೂಟಿನ ಕೆಂಪು ಕೆಲವೇ ದಿನಗಳಲ್ಲಿ ಕಂದಿಹೋಗುವುದರಿಂದ ಹಬ್ಬಕ್ಕೆ ವಾರ ಮೊದಲೇ ಮುದ್ರಿಸಿಡುವುದು ಸೂಕ್ತವಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿಯ ಕೆಂಪು ಮಾಡುವ ವಿಧಾನ ಎಲ್ಲರಿಗೂ ತಿಳಿದದ್ದೇ ಆದರೂ ಸುಣ್ಣವು ಮಕ್ಕಳ ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿಯಾದ್ದರಿಂದ ಇಲ್ಲಿ ಅದನ್ನು ಕೈಬಿಡಲಾಗಿದೆ.

ಚಿತ್ರ ಮೊದಲು, ಮಡಿಕೆ ಆನಂತರ

ಚೀಲವನ್ನು ಮೊದಲು ಮಾಡಿ ಆಮೇಲೆ ಅಲಂಕರಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಪುಟ್ಟ ಮಗು ಅಚ್ಚನ್ನು ಬಲವಾಗಿ ಒತ್ತುತ್ತದೆ. ಅಂಟಿಸಿದ ಮಡಿಕೆಗಳ ಮೇಲೆ ಒತ್ತಿದಾಗ ಚಿತ್ರ ಅರ್ಧ ಮೂಡುತ್ತದೆ, ಒದ್ದೆಯಾದ ಕಾಗದ ಹರಿಯುತ್ತದೆ, ಮಗು ಅಳುತ್ತದೆ. ಆದುದರಿಂದ ಹಾಳೆ ಚಪ್ಪಟೆಯಾಗಿರುವಾಗಲೇ ಚಿತ್ರದ ಕೆಲಸ ಮುಗಿಸತಕ್ಕದ್ದು.

29.7 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲದ ಸಾಮಾನ್ಯ ಎ4 ಅಳತೆಯ ಹಾಳೆಯನ್ನು ಅಡ್ಡಲಾಗಿ ಹಾಸಿಕೊಳ್ಳಬೇಕು. ಪೋಷಕರು ಎಡ ಮತ್ತು ಬಲ ಅಂಚುಗಳಿಂದ ಸುಮಾರು 7.8 ಸೆಂ.ಮೀ. ಒಳಕ್ಕೆ ಪೆನ್ಸಿಲಿನಿಂದ ತೆಳುವಾಗಿ ಒಂದೊಂದು ಲಂಬ ಗೆರೆ ಎಳೆಯಬೇಕು. ನಡುವೆ ಉಳಿಯುವ 14 ಸೆಂ.ಮೀ. ಭಾಗವೇ ಚೀಲದ ಮುಂಭಾಗ. ಮೇಲಿನಿಂದ 2 ಸೆಂ.ಮೀ. ಮತ್ತು ಕೆಳಗಿನಿಂದ 4 ಸೆಂ.ಮೀ. ಮಡಿಕೆಗೆ ಹೋಗುವುದರಿಂದ ಅಲ್ಲಿಯೂ ಗೆರೆ ಹಾಕಿದರೆ ಮಗುವಿಗೆ ಒಂದು ಚೌಕಟ್ಟು ದೊರೆತಂತಾಗುತ್ತದೆ. ಮಗು ಚೌಕಟ್ಟಿನ ಹೊರಗೂ ಬಣ್ಣ ಹಾಕುವುದು ಖಚಿತ. ತಡೆಯುವ ಅಗತ್ಯವಿಲ್ಲ, ಅದು ಚೀಲದ ಹಿಂಭಾಗಕ್ಕೆ ಹೋಗುತ್ತದೆ.

ಚಿತ್ರಕ್ಕೆ ಸಂಕ್ರಾಂತಿಯ ಅಡುಗೆಮನೆಯಲ್ಲಿ ಇರುವ ವಸ್ತುಗಳೇ ಸಾಕು. ಅಡ್ಡಲಾಗಿ ಕತ್ತರಿಸಿದ ಬೆಂಡೆಕಾಯಿಯನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಐದು ಎಸಳಿನ ಹೂವು ಮೂಡುತ್ತದೆ. ಅರ್ಧ ಆಲೂಗೆಡ್ಡೆ ಸೂರ್ಯನಾಗುತ್ತದೆ. ಸುತ್ತಲೂ ಬೆರಳ ತುದಿಯಿಂದ ಕಿರಣಗಳನ್ನು ಎಳೆಯಬಹುದು. ಜನವರಿಯಲ್ಲಿ ಬೆಂಗಳೂರಿನ ಪ್ರತಿ ಮನೆಯಲ್ಲಿಯೂ ಅವರೆಕಾಯಿ ಸುಲಿಯುವ ಕಾಲ. ಆ ಸಿಪ್ಪೆಯ ಬೆನ್ನಿಗೆ ಬಣ್ಣ ಹಚ್ಚಿ ಒತ್ತಿದರೆ ಎಲೆಯ ಆಕಾರ ಬರುತ್ತದೆ. ಹಸಿರು ಕಾಗದವನ್ನು ಉದ್ದುದ್ದ ಹರಿದು ಅಂಟಿಸಿದರೆ ಕಬ್ಬಿನ ಜಲ್ಲೆ. ಬಿಳಿ ಬಣ್ಣದಲ್ಲಿ ಕಿರುಬೆರಳನ್ನು ಅದ್ದಿ ಚುಕ್ಕೆಯಿಟ್ಟರೆ ಎಳ್ಳು. ಕಿಚ್ಚು ಹಾಯುವ ಹಸುವನ್ನು ಬರೆಯಬೇಕೆಂದು ಐದು ವರ್ಷದ ಮಕ್ಕಳು ಹಟ ಹಿಡಿಯಬಹುದು. ಅದು ಹಸುವಿನಂತೆ ಕಾಣದಿದ್ದರೂ ಪೋಷಕರು ತಿದ್ದಬಾರದು.

ಬಣ್ಣ ಒಣಗಿದ ನಂತರ ಹಾಳೆಯನ್ನು ಚಿತ್ರ ಕೆಳಮುಖವಾಗುವಂತೆ ತಿರುಗಿಸಿ, ಮೇಲಂಚನ್ನು 2 ಸೆಂ.ಮೀ. ಒಳಕ್ಕೆ ಮಡಿಸಿ ಒತ್ತಬೇಕು. ಎಡ-ಬಲ ಭಾಗಗಳನ್ನು ಗೆರೆಯ ಮೇಲೆ ಮಡಿಸಿದಾಗ ಅವು ನಡುವೆ ಒಂದೂವರೆ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಒಂದರ ಮೇಲೊಂದು ಬರುತ್ತವೆ. ಅಲ್ಲಿ ಅಂಟು ಹಚ್ಚಬೇಕು. ಈಗ ದೊರೆತ ಕೊಳವೆಯ ಕೆಳತುದಿಯನ್ನು 2 ಸೆಂ.ಮೀ.ಯಂತೆ ಎರಡು ಬಾರಿ ಹಿಂಬದಿಗೆ ಮಡಿಸಿ ಅಂಟಿಸಿದರೆ 14 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಚಪ್ಪಟೆ ಚೀಲ ಸಿದ್ಧವಾಗುತ್ತದೆ. ಒಂದೇ ಮಡಿಕೆ ಹಾಕಿದರೆ ಭಾರಕ್ಕೆ ಅಡಿ ಬಿಟ್ಟುಕೊಳ್ಳುತ್ತದೆ. ಅಂಗಡಿಯ ಚೀಲದಂತೆ ಚೌಕ ತಳವನ್ನೂ ಮಾಡಬಹುದಾದರೂ ಆ ಮಡಿಕೆಗಳು ಪುಟ್ಟ ಕೈಗಳಿಗೆ ನಿಲುಕದೆ ಕೊನೆಗೆ ದೊಡ್ಡವರೇ ಮಾಡಬೇಕಾಗುತ್ತದೆ.

ಅಂಟು ಒಣಗಲು ಚೀಲಗಳನ್ನು ಒಂದರ ಮೇಲೊಂದಿಟ್ಟು ಮೇಲೆ ದಪ್ಪ ಪುಸ್ತಕವಿರಿಸಿ ಒಂದು ರಾತ್ರಿ ಬಿಡತಕ್ಕದ್ದು. ಮರುದಿನ ಮೇಲಿನ ಮಡಿಕೆಯಲ್ಲಿ ಪೋಷಕರು ರಂಧ್ರ ಮಾಡಿಕೊಟ್ಟರೆ ಮಗು ದಾರ ಪೋಣಿಸುತ್ತದೆ. ದಾರದ ತುದಿಗೆ ಸ್ವಲ್ಪ ಅಂಟು ಸವರಿ ಒಣಗಿಸಿದರೆ ಎಳೆ ಬಿಚ್ಚಿಕೊಳ್ಳದೆ ಸಲೀಸಾಗಿ ತೂರುತ್ತದೆ. ಹಿಡಿಕೆಯನ್ನು ಮಗುವಿನ ತಲೆಯ ಮೂಲಕ ಕೊರಳಿಗೆ ಇಳಿಯುವಷ್ಟು ಉದ್ದ ಬಿಡಬಾರದು.

ಯಾವ ವಯಸ್ಸಿಗೆ ಯಾವ ಕೆಲಸ

ಎಲ್ಲ ಮಕ್ಕಳೂ ಎಲ್ಲ ಕೆಲಸವನ್ನೂ ಮಾಡಲಾರರು ಎಂಬುದನ್ನು ಮೊದಲೇ ಅರಿತಿದ್ದರೆ ಮನೆಯಲ್ಲಿ ರಗಳೆ ಕಡಿಮೆಯಾಗುತ್ತದೆ. ಮೂರು ವರ್ಷದ ಮಗು ಕಾಗದ ಹರಿಯುತ್ತದೆ, ಅಚ್ಚು ಒತ್ತುತ್ತದೆ, ಅಂಟು ಸವರುತ್ತದೆ, ವೃತ್ತವನ್ನು ಹೋಲುವ ಆಕಾರ ಬರೆಯುತ್ತದೆ. ಗೆರೆಯ ಮೇಲೆ ಕತ್ತರಿಸುವುದು ಅದಕ್ಕೆ ಸಾಧ್ಯವಿಲ್ಲ. ನಾಲ್ಕರ ಆಸುಪಾಸಿನಲ್ಲಿ ಅಡ್ಡ-ಉದ್ದ ಗೆರೆಗಳನ್ನು ಕೂಡಿಸಿ ಬರೆಯುವುದೂ, ಕತ್ತರಿಯನ್ನು ನೇರವಾಗಿ ಮುಂದಕ್ಕೆ ನಡೆಸುವುದೂ ಬರತೊಡಗುತ್ತದೆ. ಐದು ದಾಟಿದ ಮಗು ತ್ರಿಕೋನ ಬರೆಯಬಲ್ಲದು, ಗೆರೆಯ ಮೇಲೆ ಮಡಿಸಬಲ್ಲದು, ಚೀಲಗಳನ್ನು ಎಣಿಸಿ ಯಾವ ಮನೆಗೆ ಎಷ್ಟು ಎಂದು ಲೆಕ್ಕ ಹಾಕಬಲ್ಲದು. ಮಗುವಿನಿಂದ ಮಗುವಿಗೆ ವ್ಯತ್ಯಾಸವಿರುವುದು ಸಹಜ. ಪಕ್ಕದ ಮನೆಯ ಮಗುವಿನ ಕೆಲಸದೊಡನೆ ಹೋಲಿಸಿ ಮಾತನಾಡುವುದರಿಂದ ಪ್ರಯೋಜನವಿಲ್ಲ.

ಬೆರಳು ಮತ್ತು ಹೆಬ್ಬೆರಳಿನ ನಡುವೆ ಕಾಗದವನ್ನು ಹಿಡಿದು ಹರಿಯುವಾಗ, ದಾರವನ್ನು ರಂಧ್ರಕ್ಕೆ ಗುರಿಯಿಟ್ಟು ತೂರಿಸುವಾಗ ಕೆಲಸ ಮಾಡುವ ಸ್ನಾಯುಗಳೇ ಮುಂದೆ ಬಳಪ ಹಿಡಿಯುವಾಗಲೂ ಕೆಲಸ ಮಾಡುತ್ತವೆ. ಮೂರು ವರ್ಷದ ಮಗುವಿಗೆ ಅಕ್ಷರ ತಿದ್ದಿಸಲು ಆತುರಪಡುವ ಪೋಷಕರು ಈ ಅಂಶವನ್ನು ಗಮನಿಸಬೇಕಾಗಿ ಕೋರಲಾಗಿದೆ. ಕೈ ಸಿದ್ಧವಾಗುವ ಮುನ್ನ ಬರೆಸಿದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು, ಬೇಗ ದಣಿದು, ಬರೆಯುವುದನ್ನೇ ದೂರವಿಡುತ್ತದೆ.

ಈ ವಯಸ್ಸಿನ ಮಕ್ಕಳ ಗಮನ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಒಂದೆಡೆ ನಿಲ್ಲುವುದು ಅಪರೂಪ. ಹಬ್ಬವು ಜನವರಿ 14 ಅಥವಾ 15ರಂದು ಬರುವುದರಿಂದ ಮೂರು ದಿನ ಮೊದಲು ಚಿತ್ರ, ಮರುದಿನ ಮಡಿಕೆ, ಹಬ್ಬದ ಮುನ್ನಾದಿನ ದಾರ ಎಂದು ಕೆಲಸವನ್ನು ಹಂಚಿಕೊಳ್ಳಬಹುದು. ಒಂದು ಮಗು ಸಂತೋಷದಿಂದ ಮಾಡುವುದು ನಾಲ್ಕೈದು ಚೀಲಗಳನ್ನು ಮಾತ್ರ. ಬೇಕಾದ ಮೂವತ್ತನ್ನೂ ಅದರಿಂದಲೇ ಮಾಡಿಸಹೊರಟರೆ ಐದನೆಯದರ ನಂತರ ಅದು ಆಟವಾಗಿ ಉಳಿಯುವುದಿಲ್ಲ. ಉಳಿದವುಗಳನ್ನು ಮನೆಯ ಹಿರಿಯರು ಮಾಡಿ, ಮಗು ಮಾಡಿದ್ದನ್ನು ಅದಕ್ಕೆ ಇಷ್ಟವಾದವರ ಮನೆಗೆ ಅದರ ಕೈಯಿಂದಲೇ ಕೊಡಿಸುವುದು ಸೂಕ್ತ. ಸೊಟ್ಟಗಿರುವ ಚೀಲವನ್ನು ಬದಿಗಿಟ್ಟು ಅಂದವಾದದ್ದನ್ನೇ ಹಂಚಿದರೆ ಮಗುವಿಗೆ ಅದು ಕೂಡಲೇ ತಿಳಿಯುತ್ತದೆ.

ರವಿಕೆ ಕಣದ ಚೀಲ

ಎಳ್ಳು ಬೀರುವಲ್ಲಿ, ಅರಿಶಿನ-ಕುಂಕುಮಕ್ಕೆ ಹೋದಲ್ಲಿ ಬಂದ ರವಿಕೆ ಕಣಗಳು ಅನೇಕ ಮನೆಗಳ ಬೀರುವಿನಲ್ಲಿ ಬಳಕೆಯಾಗದೆ ಉಳಿದಿರುತ್ತವೆ. ಹತ್ತಿಯ ಕಣವನ್ನು ಒಮ್ಮೆ ಒಗೆದು ಒಣಗಿಸಿ, 15 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ಎರಡಾಗಿ ಮಡಿಸಿ ಎರಡು ಬದಿ ಹೊಲಿದು, ಬಾಯಿಗೆ ಲಾಡಿ ಸೇರಿಸುವಷ್ಟು ಮಡಿಕೆ ಬಿಟ್ಟರೆ ವರ್ಷಗಟ್ಟಲೆ ಬಾಳುವ ಚೀಲವಾಗುತ್ತದೆ. ಹೊಲಿಗೆ ಹಿರಿಯರ ಕೆಲಸ. ಲಾಡಿ ಎಳೆಯುವುದು ಮಗುವಿನ ಕೆಲಸ. ಲಾಡಿಯ ತುದಿಗೆ ಪಿನ್ನಿನ ಬದಲು ಐಸ್‌ಕ್ರೀಂನ ಮರದ ಕಡ್ಡಿಯನ್ನು ಕಟ್ಟಿಕೊಡಬಹುದು. ಹೊಸ ಬಟ್ಟೆಯ ಬಣ್ಣ ಬಿಡುತ್ತಿದ್ದರೆ ಅದನ್ನು ಇದಕ್ಕೆ ಬಳಸಬಾರದು. ಇದರೊಳಗೂ ಬೆಣ್ಣೆಕಾಗದದ ಪೊಟ್ಟಣವಿರತಕ್ಕದ್ದು. ಮುಂದಿನ ಸಂಕ್ರಾಂತಿಗೆ ಅದೇ ಚೀಲ ಎದುರು ಮನೆಯಿಂದ ತುಂಬಿಕೊಂಡು ಹಿಂದಿರುಗಿದರೆ ಹಳೆಯ ಡಬ್ಬಿಯ ಪದ್ಧತಿಯೇ ಮರಳಿದಂತಾಗುತ್ತದೆ.

ತುಂಬುವಾಗ ಗಮನಿಸಬೇಕಾದುದು

20 ಸೆಂ.ಮೀ. ಚೌಕದ ಬೆಣ್ಣೆಕಾಗದದಲ್ಲಿ ಎರಡು ಹಿಡಿ ಎಳ್ಳು-ಬೆಲ್ಲವಿಟ್ಟು ಮಡಿಸಿ ಚೀಲದೊಳಗೆ ಇರಿಸಬೇಕು. ಬೆಲ್ಲವನ್ನು ಹೆಚ್ಚಿದ ನಂತರ ಬಿಸಿಲಿನಲ್ಲಿ ಒಣಗಿಸದಿದ್ದರೆ ಅದು ಬೆವೆತು ಎಳ್ಳನ್ನೆಲ್ಲ ಅಂಟಿಸಿ ಕಾಗದವನ್ನು ತೋಯಿಸುತ್ತದೆ. ಒಣಗಿಸಿದ ಮಿಶ್ರಣವನ್ನೂ ಹಬ್ಬದ ಬೆಳಿಗ್ಗೆಯೇ ತುಂಬುವುದು ಉತ್ತಮ.

ಕೆಳಕಂಡ ವಿಷಯವನ್ನು ಪೋಷಕರು ಲಘುವಾಗಿ ಪರಿಗಣಿಸಬಾರದು. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ ಮತ್ತು ಗಟ್ಟಿಯಾದ ಕೊಬ್ಬರಿ ಚೂರುಗಳು ಪುಟ್ಟ ಮಕ್ಕಳ ಶ್ವಾಸನಾಳದಲ್ಲಿ ಸಿಲುಕುವ ಅಪಾಯವಿರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಎಳ್ಳು-ಬೆಲ್ಲವನ್ನು ಕುಟ್ಟಿ ಪುಡಿ ಮಾಡಿ, ಕುಳಿತಿರುವಾಗ ಮಾತ್ರ ನೀಡತಕ್ಕದ್ದು. ಓಡಾಡುವಾಗ, ನಗುವಾಗ ಬಾಯಿಗೆ ಹಾಕಬಾರದು. ಪುಟ್ಟ ಮಕ್ಕಳಿರುವ ಮನೆಗೆ ಕೊಡುವ ಚೀಲದಲ್ಲಿ ಪುಡಿಯನ್ನೇ ತುಂಬಿದರೆ ಹೆಚ್ಚಿನ ಉಪಕಾರ. ಎಳ್ಳು ಅಥವಾ ಕಡಲೆಕಾಯಿ ಒಗ್ಗದ ಮಕ್ಕಳೂ ಇರುವುದರಿಂದ ಒಳಗೇನಿದೆ ಎಂದು ಚೀಲದ ಹಿಂಬದಿಯಲ್ಲಿ ಬರೆಯುವುದು ಒಳ್ಳೆಯದು. ಚೀಲ ಮಾಡುವ ದಿನ ಮೇಜಿನ ಮೇಲೆ ಈ ಕಾಳುಗಳನ್ನು ಇಡದಿರುವುದು ಕ್ಷೇಮ. ಅಂಟು ಮೆತ್ತಿದ ಕೈ ಬಾಯಿಗೆ ಹೋಗುವಂತೆಯೇ ಕಾಳೂ ಹೋಗುತ್ತದೆ.

ಅಲ್ಲಾಳಸಂದ್ರದ ಸುತ್ತಮುತ್ತಲಿನ ವಸತಿ ಸಮುಚ್ಚಯಗಳಲ್ಲಿಯೂ ಕಟ್ಟಡ ಕಾರ್ಮಿಕರ ವಸತಿಗಳಲ್ಲಿಯೂ ಬೇರೆ ಜಿಲ್ಲೆಗಳ, ಬೇರೆ ರಾಜ್ಯಗಳ ಕುಟುಂಬಗಳು ನೆಲೆಸಿವೆ. ಅದೇ ದಿನಗಳಲ್ಲಿ ಅವರ ಮನೆಗಳಲ್ಲಿ ಪೊಂಗಲ್, ಬಿಹು, ಲೋಹ್ರಿ ಇರುತ್ತದೆ. ಉತ್ತರ ಕರ್ನಾಟಕದವರ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕುಸುರೆಳ್ಳು ಇರುತ್ತದೆ. ರಂಜಾನಿನ ಖರ್ಜೂರಕ್ಕೂ ಕ್ರಿಸ್‌ಮಸ್ಸಿನ ತಿಂಡಿಗೂ ಇದೇ ಅಳತೆಯ ಚೀಲ ಸಾಲುತ್ತದೆ, ಮೇಲಿನ ಚಿತ್ರ ಬದಲಾದರಾಯಿತು. ಎಳ್ಳು ಬೀರುವ ಪದ್ಧತಿಯನ್ನೇ ಅರಿಯದ ಮಗುವಿನ ಕೈಗೆ ಇನ್ನೊಂದು ಮಗು ತಾನೇ ಮಾಡಿದ ಚೀಲ ಕೊಟ್ಟಾಗ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಅಂಗನವಾಡಿ ಕೇಂದ್ರಗಳಲ್ಲಿ ಶಾಲಾಪೂರ್ವ ಶಿಕ್ಷಣ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲ ಯೋಜನೆಯನ್ನು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಪ್ರಾರಂಭಿಸಲಾಯಿತು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಹಾಗೂ ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳು ಇದರಲ್ಲಿ ಸೇರಿವೆ. ಕೊನೆಯದನ್ನು 3ರಿಂದ 6 ವರ್ಷದ ಮಕ್ಕಳಿಗೆ ನೀಡಲಾಗುತ್ತದೆ.

ಅಂಗನವಾಡಿಯೆಂದರೆ ಮೊಟ್ಟೆ, ಹಾಲು ಕೊಟ್ಟು ಆಟವಾಡಿಸಿ ಕಳುಹಿಸುವ ಸ್ಥಳವೆಂಬ ಭಾವನೆ ಕೆಲವರಲ್ಲಿದೆ. ಈ ಕಾರಣದಿಂದ ಸಾಲ ಮಾಡಿಯಾದರೂ ಮೂರು ವರ್ಷದ ಮಗುವನ್ನು ಬರೆಸುವ ಶಾಲೆಗೆ ಸೇರಿಸುವ ಕುಟುಂಬಗಳಿವೆ. ಆದರೆ ಮೇಲೆ ವಿವರಿಸಿದ ಹರಿಯುವ, ಅಂಟಿಸುವ, ಪೋಣಿಸುವ, ಎಣಿಸುವ ಕೆಲಸಗಳೇ ಈ ವಯಸ್ಸಿನ ಪಾಠಗಳು. ಅಂಗನವಾಡಿ ಕಾರ್ಯಕರ್ತೆಯರು ಬಳಸುವ ‘ಚಿಲಿಪಿಲಿ’ ಚಟುವಟಿಕೆಗಳು ಕಥೆ, ಹಾಡು, ಆಟ, ಕೈಕೆಲಸಗಳನ್ನು ಆಧರಿಸಿವೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ 3ರಿಂದ 8 ವರ್ಷವನ್ನು ಬುನಾದಿ ಹಂತವೆಂದು ಗುರುತಿಸಿ, ಆಟ ಮತ್ತು ಚಟುವಟಿಕೆಗಳ ಮೂಲಕ ಕಲಿಕೆಗೆ ಒತ್ತು ನೀಡಿದೆ.

ಹಬ್ಬದ ಸಮಯದಲ್ಲಿ ಕೇಂದ್ರಗಳಿಗೆ ನೆರವಾಗಬಯಸುವ ಪೋಷಕರು ಒಂದು ಬದಿ ಖಾಲಿಯಿರುವ ಕಾಗದ, ಬಟ್ಟೆಯ ತುಂಡು, ಸೆಣಬಿನ ದಾರ ಮುಂತಾದವುಗಳನ್ನು ಕಾರ್ಯಕರ್ತೆಯವರಿಗೆ ತಲುಪಿಸಬಹುದು. ಒಂದು ಬದಿ ಮುದ್ರಿತವಾದ ಕಾಗದವು ಚಿತ್ರಾಭ್ಯಾಸಕ್ಕೆ ಮಾತ್ರ, ಎಳ್ಳಿನ ಚೀಲಕ್ಕಲ್ಲ.

ನೋಂದಣಿ

ಮಗುವನ್ನು ಸೇರಿಸಲು ಪೋಷಕರು ತಮ್ಮ ವಾಸಸ್ಥಳಕ್ಕೆ ಹತ್ತಿರದ ಅಂಗನವಾಡಿ ಕೇಂದ್ರದ ಕಾರ್ಯಕರ್ತೆಯನ್ನು ನೇರವಾಗಿ ಭೇಟಿ ಮಾಡಬಹುದು. ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್ ಮತ್ತು ಆಧಾರ್ ವಿವರಗಳು ಜೊತೆಯಲ್ಲಿದ್ದರೆ ದಾಖಲಾತಿ ಬೇಗ ಮುಗಿಯುತ್ತದೆ. ಯಾವುದಾದರೂ ದಾಖಲೆ ಇಲ್ಲದಿದ್ದಲ್ಲಿಯೂ ಹಿಂಜರಿಯದೆ ಮಗುವನ್ನು ಕರೆದುಕೊಂಡು ಹೋಗಿ ವಿಚಾರಿಸತಕ್ಕದ್ದು. ಬೇರೆ ಊರಿನಿಂದ ಕೆಲಸಕ್ಕಾಗಿ ಬಂದು ನೆಲೆಸಿರುವವರ ಮಕ್ಕಳಿಗೂ ಸೇವೆ ಲಭ್ಯವಿದೆ. ಸೇರ್ಪಡೆಗಾಗಲೀ, ಆಹಾರಕ್ಕಾಗಲೀ, ಶಾಲಾಪೂರ್ವ ಚಟುವಟಿಕೆಗಳಿಗಾಗಲೀ ಶುಲ್ಕವಿರುವುದಿಲ್ಲ. ಕೇಂದ್ರದಲ್ಲಿ ಉತ್ತರ ದೊರೆಯದಿದ್ದಲ್ಲಿ ಆ ವಲಯದ ಮೇಲ್ವಿಚಾರಕಿಯನ್ನು, ಆನಂತರ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.